ಬೆಸುಗೆ ಹಾಕಿದ 32 ಜಿಬಿ ಚಿಪ್‌ಗೆ ಲಿನಕ್ಸ್ ಹಾಕಬಹುದಾ?

ಪ್ರಶ್ನೆ: ನನ್ನ ಹತ್ತಿರ ಹಳೆಯ ಪುಟ್ಟ ಲ್ಯಾಪ್‌ಟಾಪ್ ಒಂದಿದೆ. ಇಂಟೆಲ್ ಆಟಂ ಪ್ರೊಸೆಸರ್, 2 ಜಿಬಿ ರ‍್ಯಾಮ್, 32 ಜಿಬಿ ಇಎಂಎಂಸಿ, ಅಂದರೆ ಹಾರ್ಡ್‌ಡಿಸ್ಕ್ ಬದಲು ಇರುವ ಸ್ಟೋರೇಜ್ ಚಿಪ್. ಜಾಗ ಇಲ್ಲ ಅಂತ ವಿಂಡೋಸ್ ಅಪ್‌ಡೇಟ್ ಆಗುವುದೇ ಇಲ್ಲ. ಹಗುರವಾದ ಲಿನಕ್ಸ್ ಹಾಕೋಣ ಅಂದುಕೊಂಡೆ. ಆದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ‘ಇಎಂಎಂಸಿ ಮೇಲೆ ಲಿನಕ್ಸ್ ಹಾಕಿದರೆ ವರ್ಷದೊಳಗೆ ಚಿಪ್ ಸಾಯುತ್ತದೆ, ಪೆನ್‌ಡ್ರೈವ್‌ನಿಂದಲೇ ಓಡಿಸು’ ಅಂತ ಒಬ್ಬರು. ‘ಜರ್ನಲ್ ಆಫ್ ಮಾಡು, ಎಫ್2ಎಫ್‌ಎಸ್ ಹಾಕು, ಮೊದಲು ಇಡೀ ಚಿಪ್‌ಗೆ ಸೊನ್ನೆ ತುಂಬು’ ಅಂತ ಇನ್ನೊಬ್ಬರು. ಸ್ನೇಹಿತನ ಇಂಥದ್ದೇ ಯಂತ್ರಕ್ಕೆ ಹಾಕಿದಾಗ ಎಲ್ಲ ಸರಿಯಾಗಿ ಮುಗಿಯಿತು, ರೀಸ್ಟಾರ್ಟ್ ಮಾಡಿದರೆ ‘ಬೂಟ್ ಮಾಡಲು ಏನೂ ಇಲ್ಲ’ ಅಂತ ಬಂತು. ನನ್ನದರಲ್ಲಿ ಪೆನ್‌ಡ್ರೈವ್ ಕೂಡ ಬೂಟ್ ಆಗುತ್ತಿಲ್ಲ. ಚಿಪ್ ಬೋರ್ಡಿಗೇ ಬೆಸುಗೆಯಾಗಿದೆ, ಹಾಳಾದರೆ ಬದಲಿಸಲೂ ಆಗುವುದಿಲ್ಲ. ಕೈ ಹಾಕಬಹುದಾ?

ಉತ್ತರ: ಹಾಕಬಹುದು. ಆದರೆ ನಿಮ್ಮ ಪತ್ರದಲ್ಲಿ ಎರಡು ಭಯಗಳು ಒಂದಕ್ಕೊಂದು ಸುತ್ತಿಕೊಂಡಿವೆ. ಒಂದು, ಚಿಪ್ ಸವೆದುಹೋಗುತ್ತದೆ ಅನ್ನುವುದು. ಇನ್ನೊಂದು, ಹಾಕಿದ ಮೇಲೆ ಯಂತ್ರ ಏಳದೇ ಹೋದರೆ ಅನ್ನುವುದು. ನೀವು ಜಾಸ್ತಿ ಹೆದರಿರುವುದು ಮೊದಲನೆಯದಕ್ಕೆ. ನನ್ನ ಮೇಜಿಗೆ ಬರುವ ಯಂತ್ರಗಳಲ್ಲಿ ಹೆಚ್ಚಿನವು ಎರಡನೆಯ ಕಾರಣಕ್ಕೇ ಬಂದಿರುತ್ತವೆ.

ಇಎಂಎಂಸಿ ಮೇಲೆ ಲಿನಕ್ಸ್ ಹಾಕಬಾರದು ಅನ್ನುವವರ ಜೇಬಿನಲ್ಲೇ ಒಂದು ಆಂಡ್ರಾಯ್ಡ್ ಫೋನ್ ಇರುತ್ತದೆ, ಅಲ್ವಾ? ಆಂಡ್ರಾಯ್ಡ್ ಒಳಗಿರುವುದು ಲಿನಕ್ಸ್‌ನ ತಿರುಳಾದ ಕರ್ನೆಲ್ಲೇ. ಎಷ್ಟೋ ವರ್ಷಗಳ ಕಾಲ ಫೋನ್‌ಗಳ ಸ್ಟೋರೇಜ್ ಇದೇ ಇಎಂಎಂಸಿ ಆಗಿತ್ತು. ಅಗ್ಗದ ಫೋನ್‌ಗಳಲ್ಲಿ ಈಗಲೂ ಅದೇ ಇದೆ. ಹಾಗಾಗಿ ಲಿನಕ್ಸ್‌ಗೂ ಈ ಚಿಪ್‌ಗೂ ಹುಟ್ಟಾ ವೈರವೇನಿಲ್ಲ.

ಚಿಪ್ ಸವೆಯುವುದು ಮಾತ್ರ ನಿಜ. ಯಾಕೆ ಅಂತ ಗೊತ್ತಿದ್ದರೆ ಮುಂದಿನ ಸಲಹೆಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಫ್ಲ್ಯಾಶ್ ಅನ್ನುವುದು ವಿಚಿತ್ರವಾದ ಸ್ಲೇಟು. ಅದರ ಮೇಲೆ ಒಂದೊಂದೇ ಸಾಲು ಬರೆಯಬಹುದು, ಆದರೆ ಒಂದೇ ಸಾಲು ಒರೆಸಲು ಆಗುವುದಿಲ್ಲ. ಒರೆಸಿದರೆ ಇಡೀ ಸ್ಲೇಟು ಒರೆಸಬೇಕು. ಬರೆಯುವ ಅಳತೆಗೆ ಪೇಜ್ ಅನ್ನುತ್ತಾರೆ, ಅದು ಕೆಲವೇ ಕೆಬಿ. ಒರೆಸುವ ಅಳತೆಗೆ ಬ್ಲಾಕ್ ಅನ್ನುತ್ತಾರೆ, ಅದು ಎಂಬಿಗಳ ಲೆಕ್ಕ. ಒಂದೊಂದು ಬ್ಲಾಕನ್ನು ಇಂತಿಷ್ಟು ಸಲ ಮಾತ್ರ ಒರೆಸಬಹುದು. ಒಂದು ಕೋಶದಲ್ಲಿ 3 ಬಿಟ್ ತುಂಬುವ ಟಿಎಲ್‌ಸಿ ಮಾದರಿಯಲ್ಲಿ ಸುಮಾರು 1,000 ಸಲ, 2 ಬಿಟ್ ತುಂಬುವ ಎಂಎಲ್‌ಸಿಯಲ್ಲಿ ಸುಮಾರು 3,000 ಸಲ ಅಂತ ಇಟ್ಟುಕೊಳ್ಳಿ.

ಇಎಂಎಂಸಿ ಚಿಪ್‌ನೊಳಗೆ ಫ್ಲ್ಯಾಶ್ ಜೊತೆಗೆ ಒಂದು ಕಂಟ್ರೋಲರ್ ಕೂಡ ಇರುತ್ತದೆ. ಒಂದೇ ಬ್ಲಾಕ್ ಮೇಲೆ ಹೊರೆ ಬೀಳದ ಹಾಗೆ ಬರಹವನ್ನು ಎಲ್ಲ ಕಡೆ ಹಂಚುವುದು ಅದರ ಕೆಲಸ. ನೀವು ಒಂದು ಸಾಲು ಬದಲಿಸಿದರೂ ಅದು ಹೊಸ ಪೇಜ್‌ಗೆ ಬರೆದು, ಹಳೆಯದನ್ನು ಕಸ ಅಂತ ಗುರುತು ಹಾಕಿ, ಆಮೇಲೆ ಜಾಗ ಬೇಕಾದಾಗ ಒಳ್ಳೆಯದನ್ನು ಬೇರೆಡೆ ಸಾಗಿಸಿ ಬ್ಲಾಕ್ ಒರೆಸುತ್ತದೆ. ಹಾಗಾಗಿ ನೀವು 1 ಜಿಬಿ ಬರೆದರೆ ಚಿಪ್ ಒಳಗೆ 2-3 ಜಿಬಿ ಓಡಾಡಿರಬಹುದು. ಚಿಪ್ ಪೂರ್ತಿ ತುಂಬಿದ್ದರೆ ಇದು ಇನ್ನೂ ಜಾಸ್ತಿ. ತುಂಬಿದ ಬಸ್ಸಿನಲ್ಲಿ ಒಬ್ಬ ಇಳಿಯಬೇಕಾದರೆ ಹತ್ತು ಜನ ಸರಿಯಬೇಕಲ್ಲ, ಹಾಗೆ.

ಈಗ ಲೆಕ್ಕ ಹಾಕಿ ನೋಡೋಣ. 32 ಜಿಬಿ, 1,000 ಸಲ ಅಂದರೆ 32,000 ಜಿಬಿ. ದಿನಕ್ಕೆ 3 ಜಿಬಿ ಬರೆಯುತ್ತೀರಿ, ಒಳಗೆ ಅದು ಮೂರು ಪಟ್ಟಾಗುತ್ತದೆ ಅಂದುಕೊಂಡರೂ ದಿನಕ್ಕೆ 9 ಜಿಬಿ. ಒಂಬತ್ತು ವರ್ಷಕ್ಕೂ ಜಾಸ್ತಿ ಬರುತ್ತದೆ. ಲ್ಯಾಪ್‌ಟಾಪ್‌ನ ಬ್ಯಾಟರಿ, ಕೀಬೋರ್ಡು ಅಷ್ಟು ದಿನ ಬಾಳಿದರೆ ಹೆಚ್ಚು. ಇನ್‌ಸ್ಟಾಲ್ ಮಾಡುವ ಕೆಲಸಕ್ಕೆ ಬೇಕಾಗುವುದು 5-6 ಜಿಬಿ ಬರಹ. ಇಷ್ಟು ಆಯಸ್ಸಿನಲ್ಲಿ ಅದು ಲೆಕ್ಕಕ್ಕೇ ಇಲ್ಲ.

ಅದೇ ಲೆಕ್ಕದಲ್ಲಿ ದಿನಕ್ಕೆ 3 ಬದಲು 30 ಜಿಬಿ ಅಂತ ಹಾಕಿ. ಒಂದು ವರ್ಷಕ್ಕೆ ಹತ್ತು ದಿನ ಇರುವಾಗಲೇ ಮುಗಿಯಿತು! ‘ವರ್ಷದೊಳಗೆ ಸಾಯುತ್ತದೆ’ ಅಂದವರು ಪೂರ್ತಿ ಸುಳ್ಳೇನೂ ಹೇಳಿಲ್ಲ. ಅಷ್ಟು ಬರೆಯುವವರು ಯಾರು ಅನ್ನುವುದು ಪ್ರಶ್ನೆ.

ನಿಮ್ಮ ಯಂತ್ರದಲ್ಲಿ ಅದಕ್ಕೆ ಉತ್ತರ ಸ್ವಾಪ್. 2 ಜಿಬಿ ರ‍್ಯಾಮ್ ಇರುವಲ್ಲಿ ಬ್ರೌಸರ್ ತೆಗೆದು ಏಳೆಂಟು ಟ್ಯಾಬ್ ಹಾಕಿದರೆ ರ‍್ಯಾಮ್ ಸಾಲುವುದಿಲ್ಲ. ಸಿಸ್ಟಂ ಅದರಲ್ಲಿರುವ ಕೆಲವನ್ನು ಚಿಪ್‌ಗೆ ಎತ್ತಿಡುತ್ತದೆ (ಇದೇ ಸ್ವಾಪ್), ಬೇಕಾದಾಗ ವಾಪಸ್ ತರುತ್ತದೆ, ಮತ್ತೆ ಎತ್ತಿಡುತ್ತದೆ. ನೀವು ‘ಸ್ಲೋ ಆಯಿತು’ ಅಂತ ಗೊಣಗುತ್ತಾ ಕೂತಿರುವಾಗ ಒಳಗೆ ಜಿಬಿಗಟ್ಟಲೆ ಬರಹ ನಡೆದಿರುತ್ತದೆ. ರ‍್ಯಾಮ್‌ನ ಬಡತನವನ್ನು ಚಿಪ್ ತನ್ನ ಆಯಸ್ಸು ಕೊಟ್ಟು ತೀರಿಸುತ್ತದೆ.

ಎರಡನೆಯವರು ಲಾಗ್‌ಗಳು, ಅಂದರೆ ಸಿಸ್ಟಂ ತನ್ನ ಕೆಲಸಗಳ ಬಗ್ಗೆ ಬರೆದಿಡುವ ದಿನಚರಿ. ಇದಕ್ಕೆ ಒಂದು ದೊಡ್ಡ ಉದಾಹರಣೆಯಿದೆ. 2021ರ ಫೆಬ್ರುವರಿಯಲ್ಲಿ ಅಮೆರಿಕದಲ್ಲಿ ಟೆಸ್ಲಾ ಕಂಪನಿ ಸುಮಾರು 1,35,000 ಮಾಡೆಲ್ ಎಸ್ ಮತ್ತು ಮಾಡೆಲ್ ಎಕ್ಸ್ ಕಾರುಗಳನ್ನು ವಾಪಸ್ ಕರೆಯಬೇಕಾಯಿತು. ಕಾರಿನ ನಡುವಿನ ದೊಡ್ಡ ಪರದೆಯ ಹಿಂದಿದ್ದ 8 ಜಿಬಿ ಇಎಂಎಂಸಿ ಚಿಪ್ ಬರೆಸಿಕೊಂಡು ಬರೆಸಿಕೊಂಡು ಸವೆದುಹೋಗಿತ್ತು. ಪರದೆ ಸತ್ತರೆ ಹಿಂಬದಿ ಕ್ಯಾಮೆರಾ ಕೂಡ ಕಾಣುತ್ತಿರಲಿಲ್ಲ. ಅದರಲ್ಲೂ ಓಡುತ್ತಿದ್ದುದು ಲಿನಕ್ಸೇ. ಆ ಬೋರ್ಡುಗಳನ್ನು ಬಿಚ್ಚಿ ರಿಪೇರಿ ಮಾಡಿದವರು ಬೊಟ್ಟು ಮಾಡಿದ್ದು ಎಡೆಬಿಡದೆ ಬರೆಯುತ್ತಿದ್ದ ಲಾಗ್‌ಗಳ ಕಡೆಗೆ.

ಆದ್ದರಿಂದ ‘ಹಗುರವಾದ ಲಿನಕ್ಸ್’ ಹುಡುಕುವಾಗ ಐಎಸ್‌ಒ ಫೈಲ್ ಎಷ್ಟು ಎಂಬಿ ಇದೆ, ಮೆನು ಎಷ್ಟು ಸರಳವಾಗಿದೆ ಅಂತ ನೋಡಿದರೆ ಸಾಲದು. ಎಷ್ಟು ರ‍್ಯಾಮ್ ತಿನ್ನುತ್ತದೆ, ಎಷ್ಟು ಸಲ ಚಿಪ್‌ಗೆ ಬರೆಯುತ್ತದೆ, ಅದನ್ನು ನೋಡಿ.

ಇನ್ನು ನಿಮಗೆ ಸಿಕ್ಕಿರುವ ಸಲಹೆಗಳಿಗೆ ಬರೋಣ. ಇಡೀ ಚಿಪ್‌ಗೆ ಸೊನ್ನೆ ತುಂಬುವುದು ದಂಡ. ಸುಮ್ನೆ ಒಂದು ಸುತ್ತು ಬರೆಸಿದ ಹಾಗಾಯಿತು, ಅಷ್ಟೇ. ಖಾಲಿ ಮಾಡಬೇಕಾದರೆ ಬಿಎಲ್‌ಕೆಡಿಸ್ಕಾರ್ಡ್ ಅನ್ನುವ ಕಮಾಂಡ್ ಇದೆ. ‘ಇದರಲ್ಲಿರುವುದೆಲ್ಲ ಕಸ’ ಅಂತ ಕಂಟ್ರೋಲರ್‌ಗೆ ಹೇಳುತ್ತದೆ, ಕೆಲಸ ಬೇಗ ಮುಗಿಯುತ್ತದೆ. ಜರ್ನಲ್ ಅಂದರೆ ಫೈಲ್‌ಗಳಲ್ಲಿ ಮಾಡುವ ಬದಲಾವಣೆಯನ್ನು ಮೊದಲೇ ಗುರುತು ಹಾಕಿಡುವ ಪುಸ್ತಕ. ಅದನ್ನು ಆಫ್ ಮಾಡುವುದು ಇನ್ನೂ ಕೆಟ್ಟ ಸಲಹೆ. ಉಳಿಯುವ ಬರಹ ಸ್ವಲ್ಪ. ಬ್ಯಾಟರಿ ಮುಗಿದು ಯಂತ್ರ ಪಟ್ಟಂತ ಆಫ್ ಆದ ದಿನ ಫೈಲ್‌ಸಿಸ್ಟಂ, ಅಂದರೆ ಫೈಲ್‌ಗಳನ್ನು ಚಿಪ್ ಮೇಲೆ ಜೋಡಿಸಿಡುವ ವ್ಯವಸ್ಥೆ, ಚಿಂದಿಯಾಗಬಹುದು. ಹಳೆಯ ಲ್ಯಾಪ್‌ಟಾಪ್‌ನ ಬ್ಯಾಟರಿ ಹೇಗಿರುತ್ತದೆ ಅಂತ ನಿಮಗೇ ಗೊತ್ತು. ಫೈಲ್ ಓದಿದ ಹೊತ್ತನ್ನು ಬರೆದಿಡಬೇಡ ಅನ್ನುವ ನೋಎಟೈಮ್ ಆಯ್ಕೆ ಹಾಕಿ ಅಂತಲೂ ಹೇಳುವವರಿದ್ದಾರೆ. ಹಾಕಿದರೆ ನಷ್ಟವಿಲ್ಲ. ಆದರೆ 2009ರಿಂದಲೇ ಕರ್ನೆಲ್ ಅದರ ಮುಕ್ಕಾಲು ಲಾಭವನ್ನು ತಾನಾಗಿ ಕೊಡುತ್ತಿದೆ.

ಎಫ್2ಎಫ್‌ಎಸ್ ಅನ್ನುವ ಫೈಲ್‌ಸಿಸ್ಟಂ ಕೆಟ್ಟದ್ದಲ್ಲ. ಸ್ಯಾಮ್‌ಸಂಗ್‌ನವರು ಇಂಥ ಚಿಪ್‌ಗಳಿಗೆಂದೇ ಮಾಡಿದ್ದು, 2013ರಲ್ಲಿ ಬಂದ ಲಿನಕ್ಸ್ 3.8ರಿಂದ ಕರ್ನೆಲ್‌ನಲ್ಲೇ ಇದೆ. ಆದರೂ ಏನಾದರೂ ಕೆಟ್ಟಾಗ ರಿಪೇರಿಗೆ ಕೂತವನ ಕಣ್ಣಿನಿಂದ ನೋಡಿದರೆ ನನ್ನ ಮತ ಲಿನಕ್ಸ್‌ನ ಮಾಮೂಲಿ ಫೈಲ್‌ಸಿಸ್ಟಂ ಇಎಕ್ಸ್‌ಟಿ4ಗೇ. ಅದರ ರಿಪೇರಿ ಸಾಧನಗಳು ಪಳಗಿವೆ, ಯಾವ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದರೂ ಸಿಗುತ್ತವೆ. ಜಾಗದ್ದೇ ಚಿಂತೆಯಾದರೆ ಬಿಟಿಆರ್‌ಎಫ್‌ಎಸ್ ಅನ್ನುವ ಇನ್ನೊಂದು ಫೈಲ್‌ಸಿಸ್ಟಂ ಹಾಕಿ ಝಡ್‌ಎಸ್‌ಟಿಡಿ ಕಂಪ್ರೆಷನ್ ಆನ್ ಮಾಡಿ. ಕುಗ್ಗಿಸಿ ಬರೆಯುವುದರಿಂದ ಜಾಗವೂ ಉಳಿಯುತ್ತದೆ, ಬರಹವೂ ಕಡಿಮೆಯಾಗುತ್ತದೆ. ಆದರೆ ಜಾಗ ಪೂರ್ತಿ ತುಂಬಿದಾಗ ಅದು ಕೊಡುವ ಕಾಟ ಬೇರೆಯೇ. ಅದನ್ನು ನಿಭಾಯಿಸುವ ತಾಳ್ಮೆ ಇರಬೇಕು.

ಪೆನ್‌ಡ್ರೈವ್‌ನಿಂದಲೇ ಖಾಯಂ ಓಡಿಸುವುದು? ಸಾಮಾನ್ಯ ಪೆನ್‌ಡ್ರೈವ್‌ನ ಕಂಟ್ರೋಲರ್ ಇಎಂಎಂಸಿಗಿಂತ ದಡ್ಡ. ಸಣ್ಣ ಸಣ್ಣ ಬರಹಗಳಲ್ಲಿ ಅದು ಇನ್ನೂ ನಿಧಾನ, ಸಾಯುವುದೂ ಬೇಗ. ಒಂದೇ ಲಾಭ ಅಂದರೆ ಸತ್ತರೆ ಬಿಸಾಡಿ ಬೇರೆ ಹಾಕಬಹುದು.

ಈಗ ನಿಜವಾದ ತಲೆನೋವು: ಬೂಟ್. ನಿಮ್ಮ ಪೆನ್‌ಡ್ರೈವ್ ಏಳದಿರುವುದಕ್ಕೂ ಸ್ನೇಹಿತನ ಯಂತ್ರ ಮಲಗಿದ್ದಕ್ಕೂ ಕಾರಣ ಚಿಪ್ ಅಲ್ಲ. ಎರಡಕ್ಕೂ ಕಾರಣ ಫರ್ಮ್‌ವೇರ್, ಅಂದರೆ ಯಂತ್ರ ಆನ್ ಆದ ಕೂಡಲೇ ಓಡುವ ಬೋರ್ಡಿನೊಳಗಿನ ಪ್ರೋಗ್ರಾಂ, ಆಗಿರುವ ಸಾಧ್ಯತೆ ಹೆಚ್ಚು.

2013ರ ನಂತರ ಬಂದ ಬೇ ಟ್ರಯಲ್ ಪೀಳಿಗೆಯ ಆಟಂ ಯಂತ್ರಗಳಲ್ಲಿ ಬಹಳಷ್ಟಕ್ಕೆ ಒಂದು ವಿಚಿತ್ರ ಜೋಡಿ ಇದೆ. ಪ್ರೊಸೆಸರ್ 64-ಬಿಟ್, ಆದರೆ ಯುಇಎಫ್‌ಐ ಅನ್ನುವ ಅದರ ಫರ್ಮ್‌ವೇರ್ 32-ಬಿಟ್. ಮಾಮೂಲಿ 64-ಬಿಟ್ ಪೆನ್‌ಡ್ರೈವ್‌ನಲ್ಲಿ ಬೂಟ್‌ಎಕ್ಸ್64 ಅನ್ನುವ ಫೈಲ್ ಇರುತ್ತದೆ. ಈ ಫರ್ಮ್‌ವೇರ್ ಹುಡುಕುವುದು ಬೂಟ್‌ಐಎ32 ಅನ್ನುವುದನ್ನು. ಸಿಗದಿದ್ದರೆ ಪೆನ್‌ಡ್ರೈವ್ ಇದೆ ಅಂತಲೇ ಒಪ್ಪುವುದಿಲ್ಲ. ಪರೀಕ್ಷೆ ಸುಲಭ. ಪೆನ್‌ಡ್ರೈವ್ ಅನ್ನು ಬೇರೆ ಕಂಪ್ಯೂಟರಿಗೆ ಹಾಕಿ, ಇಎಫ್‌ಐ ಫೋಲ್ಡರ್ ಒಳಗಿನ ಬೂಟ್ ಫೋಲ್ಡರ್ ತೆಗೆದು ನೋಡಿ. ಹೆಸರಿನಲ್ಲಿ ಐಎ32 ಇರುವ ಫೈಲ್ ಇಲ್ಲದಿದ್ದರೆ ಅದು ಇರುವ ಡಿಸ್ಟ್ರೋ (ಲಿನಕ್ಸ್‌ನ ಬೇರೆ ಆವೃತ್ತಿ) ಆರಿಸಿ. ಹಾಗಂತ ಪೂರ್ತಿ 32-ಬಿಟ್ ಲಿನಕ್ಸ್‌ಗೆ ಇಳಿಯಬೇಡಿ. 32-ಬಿಟ್ ಫರ್ಮ್‌ವೇರ್ ಮೇಲೆ 64-ಬಿಟ್ ಕರ್ನೆಲ್ ಓಡಿಸುವುದು 2014ರ ಲಿನಕ್ಸ್ 3.15ರಿಂದಲೇ ಸಾಧ್ಯವಿದೆ. 32-ಬಿಟ್ ದಾರಿ ದಿನೇ ದಿನೇ ಮುಚ್ಚುತ್ತಿದೆ. 2025ರಲ್ಲಿ ಬಂದ ಡೆಬಿಯನ್ 13 ಅನ್ನುವ ಡಿಸ್ಟ್ರೋ ಹಳೆಯ 32-ಬಿಟ್ ಪಿಸಿಗಳಿಗೆ ಇನ್‌ಸ್ಟಾಲರ್ ಕೊಡುವುದನ್ನೇ ನಿಲ್ಲಿಸಿದೆ. ಇದರ ಜೊತೆಗೆ ಫರ್ಮ್‌ವೇರ್ ಸೆಟ್ಟಿಂಗ್‌ನಲ್ಲಿ ಸೆಕ್ಯೂರ್ ಬೂಟ್ ಆಫ್ ಆಗಿದೆಯಾ ನೋಡಿ.

ಇನ್‌ಸ್ಟಾಲ್ ಆದ ಮೇಲೆ ಏಳದಿರುವುದು ಇನ್ನೊಂದು ಕಥೆ. ಲಿನಕ್ಸನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಂ, ಅಂದರೆ ಬೂಟ್‌ಲೋಡರ್, ಇಂಥ ಕಡೆ ಇದೆ ಅಂತ ಇನ್‌ಸ್ಟಾಲರ್ ಫರ್ಮ್‌ವೇರ್‌ನ ನೆನಪಿನಲ್ಲಿ ಬರೆದಿಡುತ್ತದೆ. ಅಗ್ಗದ ಯಂತ್ರಗಳಲ್ಲಿ ಕೆಲವು ಅದನ್ನು ಓದುವುದೇ ಇಲ್ಲ, ಕೆಲವು ರೀಸ್ಟಾರ್ಟ್ ಆದ ಕೂಡಲೇ ಮರೆಯುತ್ತವೆ. ಅವಕ್ಕೆ ಗೊತ್ತಿರುವುದು ಪೆನ್‌ಡ್ರೈವ್‌ಗಳಿಗೆಂದು ಇರುವ ಆ ಮಾಮೂಲಿ ಜಾಗ ಒಂದೇ, ಅಂದರೆ ಈಗ ಹೇಳಿದ ಇಎಫ್‌ಐ-ಬೂಟ್ ಫೋಲ್ಡರ್. ಬೂಟ್‌ಲೋಡರ್‌ನ ಒಂದು ಪ್ರತಿಯನ್ನು ಅಲ್ಲೂ ಇಟ್ಟುಬಿಟ್ಟರೆ ಸಮಸ್ಯೆ ಮುಗಿಯಿತು. ಗ್ರಬ್ ಅನ್ನುವ ಬೂಟ್‌ಲೋಡರ್ ಹಾಕುವ ಕಮಾಂಡ್‌ಗೆ ‘ರಿಮೂವಬಲ್’ ಅನ್ನುವ ಆಯ್ಕೆ ಸೇರಿಸಿದರೆ ಅದೇ ಕೆಲಸ ಮಾಡುತ್ತದೆ. ಡೆಬಿಯನ್ ಇನ್‌ಸ್ಟಾಲರ್‌ನ ಎಕ್ಸ್‌ಪರ್ಟ್ ದಾರಿಯಲ್ಲಿ ಹೋದರೆ ಇದನ್ನೇ ಪ್ರಶ್ನೆಯಾಗಿ ಕೇಳುತ್ತದೆ, ಹೌದು ಅನ್ನಿ. ಸ್ನೇಹಿತನ ಯಂತ್ರಕ್ಕೂ ಬಹುಶಃ ಇಷ್ಟೇ ಮದ್ದು. ಮತ್ತೆ ಮೊದಲಿನಿಂದ ಹಾಕಬೇಕಾಗಿಲ್ಲ, ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಗ್ರಬ್ ಒಂದನ್ನೇ ಸರಿಪಡಿಸಬಹುದು.

ಚಿಪ್ ಮೇಲೆ ಕೈಯಿಡುವ ಮುಂಚೆ ಅದನ್ನು ಗುರುತಿಸಬೇಕು. ಪೆನ್‌ಡ್ರೈವ್‌ನಿಂದ ಲೈವ್ ಆಗಿ, ಅಂದರೆ ಏನೂ ಇನ್‌ಸ್ಟಾಲ್ ಮಾಡದೆ, ಬೂಟ್ ಮಾಡಿ ಟರ್ಮಿನಲ್‌ನಲ್ಲಿ ಎಲ್‌ಎಸ್‌ಬಿಎಲ್‌ಕೆ ಅಂತ ಕೊಡಿ. ಇಲ್ಲಿ ಎಸ್‌ಡಿಎ ಅನ್ನುವುದು ನಿಮ್ಮ ಪೆನ್‌ಡ್ರೈವೇ ಆಗಿರುತ್ತದೆ. ಚಿಪ್ ಕಾಣುವುದು ಎಂಎಂಸಿಬಿಎಲ್‌ಕೆ0 ಅಥವಾ 1 ಅಂತ. ಮೆಮೊರಿ ಕಾರ್ಡ್ ಹಾಕಿದ್ದರೆ ಅದೂ ಇದೇ ಹೆಸರಿನಲ್ಲಿ ಬರುತ್ತದೆ. ಕೆಲವು ಯಂತ್ರಗಳಲ್ಲಿ ಒಂದು ಬೂಟ್‌ಗೂ ಇನ್ನೊಂದಕ್ಕೂ 0 ಮತ್ತು 1 ಅದಲುಬದಲಾಗುವುದೂ ಉಂಟು. ಕಾರ್ಡ್ ಅಂತ ಅಂದುಕೊಂಡು ಚಿಪ್ ಅಳಿಸಿದವರನ್ನು ನೋಡಿದ್ದೇನೆ. ಮೋಸ ಹೋಗದ ಗುರುತು ಒಂದಿದೆ. ಇಎಂಎಂಸಿಯ ಹೆಸರಿನ ಜೊತೆ ಬೂಟ್0, ಬೂಟ್1 ಅಂತ ಎರಡು ಪುಟಾಣಿ ತುಂಡುಗಳು ಅಂಟಿಕೊಂಡಿರುತ್ತವೆ, ಕೆಲವೇ ಎಂಬಿ ಗಾತ್ರದವು. ಮೆಮೊರಿ ಕಾರ್ಡಿಗೆ ಅವು ಇರುವುದಿಲ್ಲ. ಅವೆರಡೂ ಚಿಪ್‌ನ ಸ್ವಂತ ಕೋಣೆಗಳು. ಲಿನಕ್ಸ್ ಅವನ್ನು ಬೀಗ ಹಾಕಿಯೇ ತೋರಿಸುತ್ತದೆ. ಬೀಗ ತೆಗೆಯಲು ಹೋಗಬೇಡಿ. ಇನ್‌ಸ್ಟಾಲ್ ಮಾಡುವಾಗ ಮೆಮೊರಿ ಕಾರ್ಡ್ ಕಿತ್ತಿಡಿ.

ಆಮೇಲೆ ಇಡೀ ಚಿಪ್‌ನ ನಕಲು. ಹೊರಗಿನ ಡಿಸ್ಕ್ ಒಂದಕ್ಕೆ ಕ್ಲೋನ್‌ಝಿಲ್ಲಾ ಅನ್ನುವ ನಕಲು ಸಾಧನದಿಂದ ತೆಗೆದಿಡಿ. 32 ಜಿಬಿ ಅಷ್ಟೇ ತಾನೆ. ತಯಾರಕರು ಕೊಟ್ಟ ರಿಕವರಿ ಪಾರ್ಟಿಷನ್ ಒಮ್ಮೆ ಅಳಿಸಿದರೆ ಹಾಗೆ ವಾಪಸ್ ಬರುವುದಿಲ್ಲ. ವಿಂಡೋಸ್ ಎನ್‌ಕ್ರಿಪ್ಷನ್ ಆನ್ ಇದ್ದರೆ ಅದರ ರಿಕವರಿ ಕೀಲಿಯನ್ನೂ ಬರೆದಿಟ್ಟುಕೊಳ್ಳಿ. ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಈ 32 ಜಿಬಿಯಲ್ಲಿ ಇಟ್ಟುಕೊಳ್ಳೋಣ ಅನ್ನುವ ಆಸೆ ಬಿಡಿ. ಇಬ್ಬರಿಗೂ ಉಸಿರುಕಟ್ಟುತ್ತದೆ.

ಹಾಗೆಯೇ ಲೈವ್‌ನಲ್ಲಿ ಇರುವಾಗಲೇ ವೈಫೈ, ಸೌಂಡ್, ಲ್ಯಾಪ್‌ಟಾಪ್ ಮುಚ್ಚಿ ತೆರೆದರೆ ಎಚ್ಚರವಾಗುತ್ತದೆಯಾ, ಇವನ್ನೂ ನೋಡಿಬಿಡಿ. ಈ ತರದ ಯಂತ್ರಗಳಲ್ಲಿ ಕೈಕೊಡುವುದು ಇವೇ.

ಹಾಕುವ ದಾರಿಗಳಲ್ಲಿ ನಾನು ನಿಮಗೆ ಹೇಳುವುದು ಮಾಮೂಲಿ ಇನ್‌ಸ್ಟಾಲ್. ಡೆಬಿಯನ್ ಜೊತೆ ಎಲ್‌ಎಕ್ಸ್‌ಕ್ಯೂಟಿ ಅಥವಾ ಎಕ್ಸ್‌ಎಫ್‌ಸಿಇ ಅನ್ನುವ ಹಗುರ ಡೆಸ್ಕ್‌ಟಾಪ್, ಇಲ್ಲವೇ ಆಂಟಿಎಕ್ಸ್ ಡಿಸ್ಟ್ರೋ. ಇನ್‌ಸ್ಟಾಲರ್ ಸ್ವಾಪ್ ಪಾರ್ಟಿಷನ್ ಕೇಳಿದರೆ ಬೇಡ ಅನ್ನಿ, ಬದಲಿಗೆ ಝಡ್‌ರ‍್ಯಾಮ್ ಹಾಕಿ. ಅದು ರ‍್ಯಾಮ್‌ನಲ್ಲೇ ಒಂದು ಮೂಲೆ ಹಿಡಿದು, ಎತ್ತಿಡಬೇಕಾದ್ದನ್ನು ಎರಡು ಮೂರು ಪಟ್ಟು ಕುಗ್ಗಿಸಿ ಅಲ್ಲೇ ಇಡುತ್ತದೆ. ಚಿಪ್‌ಗೆ ಒಂದಕ್ಷರವೂ ಬರೆಯುವುದಿಲ್ಲ. ಇದಕ್ಕೆ ಬೆಲೆಯೂ ಇದೆ. ಹೈಬರ್ನೇಟ್ ಆಗುವುದಿಲ್ಲ, ಪ್ರೊಸೆಸರ್‌ಗೆ ಸ್ವಲ್ಪ ಕೆಲಸ ಜಾಸ್ತಿ. ರ‍್ಯಾಮ್ ಪೂರ್ತಿ ಮುಗಿದರೆ ಕರ್ನೆಲ್ ಬ್ರೌಸರನ್ನೇ ಕೊಂದುಹಾಕಬಹುದು. ನನಗೆ ಕೇಳಿದರೆ ಚಿಪ್ ಸವೆಯುವುದಕ್ಕಿಂತ ಟ್ಯಾಬ್ ಸಾಯುವುದು ವಾಸಿ.

ಪ್ಯಾಕೇಜ್‌ಗಳು ಬಿಚ್ಚಿಕೊಳ್ಳುವ ಹಂತದಲ್ಲಿ ಇನ್‌ಸ್ಟಾಲರ್ ನಿಂತೇ ಹೋಯಿತು ಅನ್ನಿಸುತ್ತದೆ. ಗಾಬರಿಯಾಗಿ ಪವರ್ ಬಟನ್ ಒತ್ತಬೇಡಿ. ಬರೆದದ್ದು ಚಿಪ್‌ಗೆ ಗಟ್ಟಿಯಾಗಿ ಇಳಿಯಿತಾ ಅಂತ ಅದು ಮತ್ತೆ ಮತ್ತೆ ಕಾದು ಮುಂದೆ ಹೋಗುತ್ತದೆ. ಅಂಥ ಚಿಲ್ಲರೆ ಬರಹದಲ್ಲೇ ಇಎಂಎಂಸಿ ಮಂದ.

ಮುಗಿದ ಮೇಲೆ ಮೂರು ನಾಲ್ಕು ಸಣ್ಣ ಕೆಲಸ. ವಾರಕ್ಕೊಮ್ಮೆ ಎಫ್‌ಎಸ್‌ಟ್ರಿಮ್ ಓಡುವ ಟೈಮರ್ ಆನ್ ಇದೆಯಾ ನೋಡಿ. ಅಳಿಸಿದ ಫೈಲ್‌ಗಳು ಕಸ ಅಂತ ಕಂಟ್ರೋಲರ್‌ಗೆ ಗೊತ್ತಾಗುವುದು ಅದರಿಂದಲೇ. ಸಿಸ್ಟಂ ಲಾಗ್ ಅನ್ನು ರ‍್ಯಾಮ್‌ನಲ್ಲೇ ಇಟ್ಟುಕೊಳ್ಳುವ ಹಾಗೆ ಮಾಡಬಹುದು, ಆದರೆ ಯಂತ್ರ ಕೈಕೊಟ್ಟ ಮರುದಿನ ಓದಲು ಲಾಗ್ ಇರುವುದಿಲ್ಲ. ಮನೆ ಬಳಕೆಗೆ ಅದರ ಗಾತ್ರಕ್ಕೆ ಮಿತಿ ಹಾಕಿದರೆ ಸಾಕು. ಫೈರ್‌ಫಾಕ್ಸ್ ತೆರೆದಿರುವ ಟ್ಯಾಬ್‌ಗಳ ಪಟ್ಟಿಯನ್ನು 15 ಸೆಕೆಂಡಿಗೊಮ್ಮೆ ಬರೆದಿಡುತ್ತದೆ. ಅದರ ಕಾನ್ಫಿಗ್ ಪುಟದಲ್ಲಿ ಸೆಷನ್‌ಸ್ಟೋರ್ ಇಂಟರ್‌ವಲ್ ಅಂತ ಹುಡುಕಿ, 15000 ಇರುವುದನ್ನು 300000 ಮಾಡಿ. ಐದು ನಿಮಿಷಕ್ಕೊಮ್ಮೆ ಆಗುತ್ತದೆ. ಐದಾರು ಜಿಬಿ ಯಾವಾಗಲೂ ಖಾಲಿ ಬಿಡಿ. ಸ್ನ್ಯಾಪ್, ಫ್ಲ್ಯಾಟ್‌ಪ್ಯಾಕ್ ಅನ್ನುವ ದಪ್ಪ ಆ್ಯಪ್ ಪ್ಯಾಕೇಜ್‌ಗಳ ತಂಟೆಗೆ ಹೋದರೆ ಆ ಖಾಲಿ ಜಾಗ ಎಲ್ಲಿ ಹೋಯಿತು ಅಂತಲೇ ತಿಳಿಯುವುದಿಲ್ಲ.

ಎರಡನೆಯ ದಾರಿ ಪಪ್ಪಿ ಲಿನಕ್ಸ್, ಟೈನಿ ಕೋರ್ ಅಥವಾ ಆಲ್ಪೈನ್‌ನ ಡಿಸ್ಕ್‌ಲೆಸ್ ಪದ್ಧತಿ. ಇವು ಬೂಟ್ ಆಗುವಾಗ ತಮ್ಮನ್ನೇ ರ‍್ಯಾಮ್‌ಗೆ ಎತ್ತಿಕೊಂಡು ಅಲ್ಲೇ ಓಡುತ್ತವೆ, ನೀವು ಸೇವ್ ಮಾಡಿ ಅಂದಾಗ ಮಾತ್ರ ಚಿಪ್‌ಗೆ ಬರೆಯುವ ಹಾಗೆ ಇಟ್ಟುಕೊಳ್ಳಬಹುದು. ಚಿಪ್‌ಗೆ ಇದಕ್ಕಿಂತ ಸುಖವಿಲ್ಲ. ಆದರೆ ಸೇವ್ ಮಾಡುವ ಮುಂಚೆ ಬ್ಯಾಟರಿ ಹೋದರೆ ಆ ಹೊತ್ತಿನ ಕೆಲಸವೂ ಹೋಯಿತು. ಇರುವ 2 ಜಿಬಿಯಲ್ಲಿ ಸಿಸ್ಟಂ ಕೂಡ ಪಾಲು ಕೇಳುತ್ತದೆ. ಒಂದೇ ಕೆಲಸ ಮಾಡುವ ಯಂತ್ರಕ್ಕೆ ಚೆನ್ನ, ದಿನವಿಡೀ ಬ್ರೌಸರ್ ತೆಗೆದು ಕೂರುವವರಿಗೆ ಇಕ್ಕಟ್ಟು.

ಯಾವ ದಾರಿ ಅಂತ ತೀರ್ಮಾನಿಸುವ ಮುಂಚೆ ಚಿಪ್‌ನ ಆಯಸ್ಸು ಕೇಳಿ. ಹಾರ್ಡ್‌ಡಿಸ್ಕ್‌ಗೆ ಬಳಸುವ ಸ್ಮಾರ್ಟ್ ಪರೀಕ್ಷೆ ಇಲ್ಲಿ ನಡೆಯುವುದಿಲ್ಲ. ಲೈವ್‌ನಲ್ಲೇ ಎಂಎಂಸಿ-ಯುಟಿಲ್ಸ್ ಹಾಕಿ ಅದರ ಎಕ್ಸ್ಟ್‌ಸಿಎಸ್‌ಡಿ ವಿವರ ಓದಿ. ಇಎಂಎಂಸಿ 5.0 ಅಥವಾ ಅದಕ್ಕಿಂತ ಹೊಸ ಚಿಪ್ ಆದರೆ ಲೈಫ್ ಟೈಮ್ ಅಂತ ಎರಡು ಅಂಕಿ ಸಿಗುತ್ತವೆ. 01 ಅಂದರೆ ಆಯಸ್ಸಿನ ಶೇ 10ರೊಳಗೆ ಖರ್ಚಾಗಿದೆ, 02 ಅಂದರೆ ಶೇ 20ರೊಳಗೆ, ಹೀಗೆ ಮೇಲೆ ಹೋಗುತ್ತದೆ. 0ಎ ಬಂದರೆ ಕೊನೆಯ ಶೇ 10ರಲ್ಲಿದೆ. 0ಬಿ ಬಂದರೆ ಲೆಕ್ಕದ ಪ್ರಕಾರ ಆಯಸ್ಸು ಮುಗಿದಿದೆ. 00 ಬಂದರೆ ಚಿಪ್ ಈ ಲೆಕ್ಕ ಇಟ್ಟಿಲ್ಲ ಅಂತ ಅರ್ಥ. ಪಕ್ಕದಲ್ಲೇ ಪ್ರಿ-ಇಒಎಲ್ ಅಂತ ಇನ್ನೊಂದು ಅಂಕಿ ಇರುತ್ತದೆ. ಅದು 01 ಇದ್ದರೆ ಸರಿ, 02 ಬಂದರೆ ಮೀಸಲು ಬ್ಲಾಕ್‌ಗಳಲ್ಲಿ ಶೇ 80 ಖಾಲಿಯಾಗಿವೆ.

ಸವೆದ ಚಿಪ್ ಹೇಗೆ ಆಡುತ್ತದೆ ಅಂತ ಹೇಳುತ್ತೇನೆ. ಒಮ್ಮೆ ನನ್ನ ಹತ್ತಿರ ಬಂದ ಯಂತ್ರದಲ್ಲಿ ಫೈಲ್ ಅಳಿಸಿದೆ, ಅಳಿಯಿತು. ರೀಸ್ಟಾರ್ಟ್ ಮಾಡಿದೆ, ಫೈಲ್ ಅಲ್ಲೇ ಇತ್ತು. ಪೂರ್ತಿ ಫಾರ್ಮ್ಯಾಟ್ ಮಾಡಿ ಹೊಸದಾಗಿ ಲಿನಕ್ಸ್ ಹಾಕಿದೆ, ಒಂದು ದೂರೂ ಬರಲಿಲ್ಲ. ರೀಸ್ಟಾರ್ಟ್ ಮಾಡಿದರೆ ಹಳೆಯ ಸಿಸ್ಟಂ ಹಳೆಯ ವಾಲ್‌ಪೇಪರ್ ಸಮೇತ ಎದುರಿಗೆ! ಚಿಪ್ ಓದಲು ಮಾತ್ರ ಬದುಕಿತ್ತು. ಬರೆದದ್ದಕ್ಕೆಲ್ಲ ತಲೆಯಾಡಿಸಿ ಸುಮ್ಮನಾಗುತ್ತಿತ್ತು. ಅಂಥ ಸ್ಥಿತಿಯಲ್ಲೂ ಒಳಗಿದ್ದ ಫೋಟೊಗಳನ್ನೆಲ್ಲ ಹೊರತೆಗೆಯಲು ಸಿಕ್ಕಿತು.

ನಿಮ್ಮದರಲ್ಲಿ ಅಂಕಿ 0ಎ ಅಥವಾ ಮೇಲಿದ್ದರೆ ಇಎಂಎಂಸಿ ಮೇಲೆ ಏನೂ ಹಾಕಬೇಡಿ. ಯುಎಸ್‌ಬಿ ಮೂಲಕ ಸಣ್ಣ ಎಸ್‌ಎಸ್‌ಡಿ ಒಂದನ್ನು ಜೋಡಿಸಿ ಅದಕ್ಕೇ ಇನ್‌ಸ್ಟಾಲ್ ಮಾಡಿ, ಬೂಟ್‌ಲೋಡರ್ ಕೂಡ ಅದರ ಮೇಲೇ ಇರಲಿ. ಮೆಮೊರಿ ಕಾರ್ಡ್ ಬಳಸೋಣ ಅಂದರೆ ಈ ಯಂತ್ರಗಳಲ್ಲಿ ಹಲವು ಕಾರ್ಡಿನಿಂದ ಬೂಟ್ ಆಗುವುದಿಲ್ಲ. ಅಂಕಿ 05ರ ಆಚೀಚೆ ಅಥವಾ ಕೆಳಗಿದ್ದರೆ ಮೊದಲನೆಯ ದಾರಿಯನ್ನೇ ಹಿಡಿಯಿರಿ. ಈಗಿನ ಅಂಕಿಯನ್ನು ಎಲ್ಲಾದರೂ ಬರೆದಿಟ್ಟು ಆರು ತಿಂಗಳಿಗೊಮ್ಮೆ ನೋಡಿ. ಆರೇ ತಿಂಗಳಲ್ಲಿ ಎರಡು ಮೆಟ್ಟಿಲು ಏರಿದ್ದರೆ ಯಾವುದೋ ಪ್ರೋಗ್ರಾಂ ಹಿಂದೆ ಕೂತು ಬರೆಯುತ್ತಿದೆ. ಐಒಟಾಪ್ ಅನ್ನುವ ಕಮಾಂಡ್ ಅದರ ಹೆಸರು ಹೇಳುತ್ತದೆ.